ಪ್ರಾಸದ ಹೊಸ ದಾರಿ: ಆಚಾರ್ಯ ಬಿ.ಎಂ.ಶ್ರೀ

ಹೊಸಗನ್ನಡ ಕಾವ್ಯದ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಮೊದಲ ಅಧ್ಯಾಯದಲ್ಲಿಯೇ ಎದುರಾಗುವ ಹೆಸರು ಬಿ.ಎಂ. ಶ್ರೀಕಂಠಯ್ಯನವರದು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದವರು, ನವೋದಯಕ್ಕೆ ಬಾಗಿಲು ತೆರೆದವರು ಎಂದು ಪರೀಕ್ಷೆಗಾಗಿ ಬರೆದು ಮುಂದೆ ಸಾಗುವುದು ಸುಲಭ. ಆದರೆ ಆ ಬಾಗಿಲಿಗೆ ಬಿದ್ದಿದ್ದ ಅಗುಳಿ ಯಾವುದು, ಅದನ್ನು ಅವರು ಹೇಗೆ ಸರಿಸಿದರು ಎಂಬುದನ್ನು ತಿಳಿಯದೆ ಅವರ ಸಾಧನೆ ಅರ್ಥವಾಗದು. ಆ ಅಗುಳಿಯ ಹೆಸರು ಪ್ರಾಸ.

ಶ್ರೀಕಂಠಯ್ಯನವರು 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದರು. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು; ಹೆಸರಿನ ಮೊದಲಕ್ಷರ ಅಲ್ಲಿಂದ ಬಂದುದು. ತಂದೆ ಮೈಸೂರಯ್ಯನವರು ವಕೀಲರು. ಮಗನೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿ ಮದರಾಸಿನಲ್ಲಿ ಕಾನೂನನ್ನು ಓದಿದರು. ಆದರೆ ಎಂ.ಎ. ಪದವಿಯ ಬಳಿಕ ಅವರು ನ್ಯಾಯಾಲಯದತ್ತ ಹೋಗದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

1911ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಒಂದು ಉಪನ್ಯಾಸ ನೀಡಿದರು. ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂಬುದು ಅದರ ಶೀರ್ಷಿಕೆ. ಧಾರವಾಡವೂ ನಮ್ಮ ಸೊಲ್ಲಾಪುರವೂ ಆಗ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮೈಸೂರು ಬೇರೆಯೇ ಸಂಸ್ಥಾನ. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವದು. ಕಾಲೇಜು ಓದಿದ ಯುವಕರು ಕನ್ನಡದಲ್ಲಿ ಬರೆಯುವುದನ್ನೇ ಹಿಂಜರಿಕೆಯಿಂದ ನೋಡುತ್ತಿದ್ದರು. ತಾಯಿನುಡಿ ಮನೆಯ ಮಾತಿಗೆ, ಇಂಗ್ಲಿಷು ಎತ್ತರದ ಭಾವಕ್ಕೆ ಎಂಬ ವಿಭಜನೆ ಗಟ್ಟಿಯಾಗುತ್ತಿತ್ತು. ಅದನ್ನು ಮುರಿಯುವುದೇ ಶ್ರೀಯವರ ಜೀವನದ ಕೆಲಸವಾಯಿತು.

ಇಲ್ಲಿಯೇ ಪ್ರಾಸದ ಪ್ರಶ್ನೆ ಬರುತ್ತದೆ. ಹಳೆಯ ಕನ್ನಡ ಪದ್ಯದಲ್ಲಿ ಪ್ರತಿಯೊಂದು ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದರ ಹಿಂದಿನ ಅಕ್ಷರ ಎಲ್ಲ ಪಾದಗಳಲ್ಲಿಯೂ ಲಘುವಾಗಿದ್ದರೆ ಲಘು, ಗುರುವಾಗಿದ್ದರೆ ಗುರು. ಇದೇ ಆದಿಪ್ರಾಸ. ನಾಗವರ್ಮನ ‘ಛಂದೋಂಬುಧಿ’ ಇದರಲ್ಲಿ ಸಿಂಹ, ಗಜ ಮೊದಲಾದ ಆರು ಬಗೆಗಳನ್ನು ಹೇಳುತ್ತದೆ. ಕರುಣೆ, ಇರುಳು, ಮರಳು ಎಂಬ ಮೂರು ಪದಗಳು ಮೂರು ಸಾಲುಗಳ ಮೊದಲಲ್ಲಿ ನಿಂತರೆ ರಕಾರದಿಂದ ಪ್ರಾಸ ಕೂಡುತ್ತದೆ.

ಇಂಗ್ಲಿಷಿನ ದಾರಿ ಬೇರೆ. ಅಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿದೆ. ಒತ್ತು ಬಿದ್ದ ಕೊನೆಯ ಸ್ವರದಿಂದ ಪದಾಂತ್ಯದವರೆಗಿನ ಧ್ವನಿ ಒಂದೇ ಆಗಿ, ಅದರ ಹಿಂದಿನ ವ್ಯಂಜನ ಬೇರೆಯಾಗಿರಬೇಕು: ಲೈಟ್, ನೈಟ್, ಸ್ಟಾರ್, ಫಾರ್. ಅಲ್ಲಿ ಲೆಕ್ಕಕ್ಕೆ ಬರುವುದು ಕಿವಿ, ಕಾಗುಣಿತವಲ್ಲ. ಬ್ಲೂ, ಥ್ರೂ, ಶೂ ಎಂಬ ಪದಗಳ ಬರಹ ಬೇರೆ ಬೇರೆಯಾದರೂ ಪ್ರಾಸ ಸರಿ. ಲವ್, ಮೂವ್ ಎಂಬವುಗಳ ಕೊನೆಯ ಅಕ್ಷರಗಳು ಒಂದೇ ಆದರೂ ಇಂದಿನ ಉಚ್ಚಾರದಲ್ಲಿ ಅವು ಕೂಡುವುದಿಲ್ಲ, ಕಣ್ಣಿಗಷ್ಟೇ ಪ್ರಾಸ.

ಈ ವ್ಯತ್ಯಾಸ ಬರಿಯ ಸಂಪ್ರದಾಯದ್ದಲ್ಲ. ಭಾಷೆಯ ರಚನೆಯೂ ಅದರ ಹಿಂದೆ ಇದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಪ್ರತ್ಯಯ ಪದದ ಕೊನೆಗೆ ಹತ್ತುತ್ತದೆ. ಬಂದನು, ನೋಡಿದನು, ಹಾಡಿದನು ಎಂದರೆ ಸಾಕು, ಕವಿಯ ಶ್ರಮವಿಲ್ಲದೆಯೇ ಅಂತ್ಯಪ್ರಾಸ ಸಿದ್ಧ. ಅಷ್ಟು ಅಗ್ಗವಾಗಿ ಸಿಗುವುದರಲ್ಲಿ ಸೊಗಸು ಕಡಿಮೆ. ಪದದ ಜೀವ ಇರುವುದು ಧಾತುವಿನಲ್ಲಿ, ಅಂದರೆ ಆರಂಭದಲ್ಲಿ. ಆದಿಪ್ರಾಸ ಅಲ್ಲಿಗೇ ಕೈಯಿಟ್ಟಿತು. ಆದರೆ ಕಾಲಕ್ರಮದಲ್ಲಿ ಅದು ನಿಯಮವಾಗಿ ಬಿಗಿಯಿತು. ಒಂದು ಷಟ್ಪದಿಯ ಆರು ಪಾದಗಳಿಗೂ ಒಂದೇ ಪ್ರಾಸಾಕ್ಷರ ಬೇಕಾದಾಗ, ಭಾವಕ್ಕೆ ತಕ್ಕ ಪದವನ್ನು ಬಿಟ್ಟು ಪ್ರಾಸಕ್ಕೆ ತಕ್ಕ ಪದವನ್ನು ಹುಡುಕುವ ಪ್ರಸಂಗಗಳು ಹೆಚ್ಚಿದವು. ಪ್ರಾಸವಿಲ್ಲದ್ದು ಪದ್ಯವೇ ಅಲ್ಲ ಎಂದು ನಂಬಿದ್ದ ಪಂಡಿತರೂ ಇದ್ದರು. 1911ರ ಸುಮಾರಿಗೆ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಕೈಬಿಟ್ಟಾಗ ಎದ್ದ ವಿವಾದ ಸಣ್ಣದಲ್ಲ.

ಶ್ರೀಯವರು ವಾದಕ್ಕಿಂತ ಮಾದರಿಯನ್ನು ನಂಬಿದರು. ತರಗತಿಯಲ್ಲಿ ಪಾಠ ಹೇಳುತ್ತಿದ್ದ ಇಂಗ್ಲಿಷ್ ಭಾವಗೀತೆಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದರು. ಅವುಗಳಲ್ಲಿ ಬಹುಪಾಲು ಪಾಲ್‌ಗ್ರೇವ್ 1861ರಲ್ಲಿ ಸಂಪಾದಿಸಿದ ‘ಗೋಲ್ಡನ್ ಟ್ರೆಷರಿ’ ಸಂಕಲನದವು. 1926ರಲ್ಲಿ ಪ್ರಕಟವಾದ ‘ಇಂಗ್ಲಿಷ್ ಗೀತಗಳು’ ಸುಮಾರು ಅರವತ್ತು ಕವಿತೆಗಳ ಪುಸ್ತಕ. ಕ್ಯಾಂಬೆಲನ ಕಥನಗೀತೆ ‘ಕಾರಿಹೆಗ್ಗಡೆಯ ಮಗಳು’ ಆಯಿತು. ಬರ್ನ್ಸನ ಸ್ಕಾಟ್ಲೆಂಡಿನ ಪ್ರೇಮಿಗಳು ನಮ್ಮ ಹಳ್ಳಿಯ ಮಾದ, ಮಾದಿಯರಾದರು. ಹುಡ್‌ನ ಕರುಣಗೀತೆ ‘ದುಃಖಸೇತು’ವಾಯಿತು.

ಈ ಗೀತೆಗಳಲ್ಲಿ ಅವರು ಮಾಡಿದ ಕೆಲಸ ಎರಡು ಬಗೆಯದು. ಇಂಗ್ಲಿಷಿನ ಲಯ ಒತ್ತಿನ ಮೇಲೆ ನಿಂತುದು; ಕನ್ನಡದ್ದು ಮಾತ್ರೆಯ ಮೇಲೆ. ಆದುದರಿಂದ ಇಂಗ್ಲಿಷ್ ಲಯವನ್ನು ಹಾಗೆಯೇ ಎತ್ತಿಡದೆ, ರಗಳೆ ಷಟ್ಪದಿಗಳಲ್ಲಿದ್ದ ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನೇ ಬಿಡಿಸಿಕೊಂಡು ಹೊಸ ಪದ್ಯಬಂಧಗಳನ್ನು ಕಟ್ಟಿದರು. ಎರಡನೆಯದಾಗಿ, ಆದಿಪ್ರಾಸವನ್ನು ಕಡ್ಡಾಯದಿಂದ ಬಿಡಿಸಿ, ಅಂತ್ಯಪ್ರಾಸಕ್ಕೆ ಭಾವಗೀತೆಯಲ್ಲಿ ಹೊಸ ಸ್ಥಾನ ಕೊಟ್ಟರು. ಅಂತ್ಯಪ್ರಾಸ ಕನ್ನಡಕ್ಕೆ ಪೂರ್ತಿ ಹೊಸದೇನೂ ಆಗಿರಲಿಲ್ಲ. ಹರಿಹರನ ರಗಳೆಗಳಲ್ಲಿ ಅದು ಇತ್ತು. ಇದ್ದುದನ್ನು ಗುರುತಿಸಿ ಬೇರೆ ಕೆಲಸಕ್ಕೆ ಹಚ್ಚಿದ್ದು ಅವರ ಜಾಣ್ಮೆ.

ಅವರು ಹಳೆಯದನ್ನು ಎಸೆದವರಲ್ಲ ಎಂಬುದಕ್ಕೆ ‘ಕರುಣಾಳು ಬಾ ಬೆಳಕೆ’ ಎಂಬ ಪ್ರಸಿದ್ಧ ಗೀತೆಯೇ ಸಾಕ್ಷಿ. ನ್ಯೂಮನ್ 1833ರಲ್ಲಿ ಕಡಲಯಾನದ ನಡುವೆ ಬರೆದ ಮೂಲದಲ್ಲಿ ಅಂತ್ಯಪ್ರಾಸವಿದೆ. ಕನ್ನಡದಲ್ಲಿ ಶ್ರೀಯವರು ಆ ವಿನ್ಯಾಸವನ್ನು ಅನುಕರಿಸಲು ಹೋಗಲಿಲ್ಲ. ಮೊದಲ ನುಡಿಯನ್ನು ತೆರೆದು ಸಾಲಿನ ಆರಂಭಗಳನ್ನು ಗಮನಿಸಿರಿ: ಮೊದಲು ರಕಾರ, ಮುಂದೆ ಳಕಾರ ಎರಡನೆಯ ಅಕ್ಷರದಲ್ಲಿ ಕೂಡಿಬರುತ್ತವೆ. ಇಂಗ್ಲಿಷಿನಿಂದ ಬಂದ ಪ್ರಾರ್ಥನೆ ಅಪ್ಪಟ ಕನ್ನಡದ ಆದಿಪ್ರಾಸವನ್ನು ತೊಟ್ಟು ನಿಂತಿದೆ. ಪ್ರಾಸ ತಾನಾಗಿ ಬಂದಲ್ಲಿ ಅವರು ಅದನ್ನು ಸ್ವಾಗತಿಸಿದರು. ಬಾರದಿದ್ದಲ್ಲಿ ಭಾವವನ್ನು ಅದಕ್ಕೆ ಬಲಿಗೊಡಲಿಲ್ಲ.

ಮುಂದಿನ ವರ್ಷಗಳು ಇದೇ ಸಮತೋಲನದವು. ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರಂಗಕ್ಕೆ ಒಗ್ಗಿಸಿದರು. ಗ್ರೀಕ್ ರುದ್ರನಾಟಕದ ಪ್ರೇರಣೆಯಿಂದ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ತಂದರು. ‘ಹೊಂಗನಸುಗಳು’ ಅವರ ಸ್ವಂತ ಕವಿತೆಗಳ ಸಂಕಲನ. 1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆಗೂ ಕನ್ನಡ ಪರೀಕ್ಷೆಗಳಿಗೂ ಕಾರಣರಾದರು. ಕುವೆಂಪು, ತೀ.ನಂ. ಶ್ರೀಕಂಠಯ್ಯ ಮೊದಲಾದವರು ಅವರ ಪಾಠ ಕೇಳಿ ಬೆಳೆದವರು. ಜನ ಅವರನ್ನು ಕನ್ನಡದ ಕಣ್ವ ಎಂದು ಕರೆದುದು ಇದಕ್ಕಾಗಿಯೇ.

ನಿವೃತ್ತಿಯ ಬಳಿಕ ವಿಶ್ರಾಂತಿ ಬಯಸದೆ ಧಾರವಾಡದ ಹೊಸ ಕಾಲೇಜೊಂದರ ಪ್ರಾಂಶುಪಾಲರಾಗಿ ಬಂದರು. 1946ರ ಜನವರಿ 5ರಂದು, ಅರವತ್ತೆರಡು ತುಂಬಿದ ಎರಡೇ ದಿನಕ್ಕೆ, ಅಲ್ಲಿಯೇ ತೀರಿಕೊಂಡರು. ತರುಣನಾಗಿ ಕನ್ನಡದ ಏಳಿಗೆಯ ಮಾತಾಡಿದ ಊರಿನಲ್ಲಿಯೇ ಅವರ ಕೊನೆಯ ದುಡಿಮೆ ನಡೆಯಿತು. ಕರ್ನಾಟಕದ ಏಕೀಕರಣ ಆಗಬೇಕಾದರೆ ಇನ್ನೂ ಹತ್ತು ವರ್ಷ ಇತ್ತು.

ಆ ಏಕೀಕರಣದ ಗೆರೆಯಾಚೆ ಉಳಿದ ಮಂದ್ರೂಪ, ಅಕ್ಕಲಕೋಟೆಗಳ ನಮಗೆ ಪ್ರಾಸದ ಈ ಕಥೆ ಹತ್ತಿರದ್ದು. ನಮ್ಮ ಒಂದು ಕಿವಿಗೆ ಮರಾಠಿ ಓವಿಯ ಅಂತ್ಯಪ್ರಾಸ ಬೀಳುತ್ತದೆ. ಇನ್ನೊಂದು ಕಿವಿಗೆ ಕನ್ನಡ ತ್ರಿಪದಿಯ ಆದಿಪ್ರಾಸ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆ ಕಲಿತು, ಮುಂದೆ ಕನ್ನಡ ತ್ರಿಪದಿಯಲ್ಲಿಯೇ ಸಿದ್ಧರಾಮನ ಪುರಾಣವನ್ನು ಬರೆದರು. ಎರಡು ಮೂರು ನುಡಿಗಳ ನಾದ ಕೇಳಿ ಬೆಳೆದವನಿಗೆ ಯಾವ ಪ್ರಾಸವೂ ಪರಕೀಯವಲ್ಲ. ಯಾವ ನುಡಿಗೆ ಎಲ್ಲಿ ನಾದ ಕೂಡುತ್ತದೆ ಎಂದು ಕಿವಿಗೊಟ್ಟು ಅರಿಯುವುದೇ ಛಂದಸ್ಸಿನ ಅಧ್ಯಯನ. ಇಂಗ್ಲಿಷ್ ಮೇಷ್ಟರೊಬ್ಬರು ಆ ಅಧ್ಯಯನದಿಂದಲೇ ಕನ್ನಡಕ್ಕೆ ಹೊಸ ಗೀತೆಯನ್ನು ಕೊಟ್ಟರು.