ಉಗಿಯಂತ್ರದ ಮೇಸ್ತ್ರಿ ಅರ್ದೇಶೀರ್ ಕರ್ಸೆಟ್‌ಜಿ ವಾಡಿಯಾ

ಫೋರ್ಟಿನಲ್ಲಿ ದುಡಿದ ನಮ್ಮವರಲ್ಲಿ ಲಯನ್ ಗೇಟನ್ನು ಅರಿಯದವರು ವಿರಳ. ಬೆಳಗಿನ ಪಾಳಿಯ ಕೆಲಸಗಾರರು ಚಹ ಕುಡಿದು ಅವಸರದಿಂದ ಆ ಬಾಗಿಲನ್ನು ಹೊಕ್ಕು ಮರೆಯಾಗುವುದನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಾನೂ ಅನೇಕ ವರ್ಷ ನೋಡಿದ್ದೇನೆ. ಒಳಗಿರುವುದು ನೌಕಾಪಡೆಯ ಗೋದಿ. ಈ ಗೋದಿಯಲ್ಲಿಯೇ, ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ, ಕೈಯಿಂದಲೂ ಕಣ್ಣಿನಿಂದಲೂ ವಿದ್ಯೆ ಕಲಿತು, ಲಂಡನಿನ ರಾಯಲ್ ಸೊಸೈಟಿಯ ಸದಸ್ಯತ್ವದವರೆಗೆ ಏರಿದ ಒಬ್ಬ ಪುರುಷನಿದ್ದನೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆತನೇ ಅರ್ದೇಶೀರ್ ಕರ್ಸೆಟ್‌ಜಿ ವಾಡಿಯಾ.

ವಾಡಿಯಾ ಮನೆತನವೂ ನಮ್ಮಂತೆಯೇ ಹೊರಗಿನಿಂದ ಮುಂಬಯಿಗೆ ಬಂದುದು. 1736ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಹಡಗು ಕಟ್ಟಿಸುವ ಸಲುವಾಗಿ ಲೌಜಿ ನಸರ್ವಾಂಜಿ ಎಂಬ ಕುಶಲ ಬಡಗಿಯನ್ನು ಸೂರತ್ತಿನಿಂದ ಕರೆತಂದರು. ಆತನು ನೆಲೆಯೂರಿದ ಮೇಲೆ ಮಕ್ಕಳು ಮೊಮ್ಮಕ್ಕಳು ತಲೆತಲಾಂತರವಾಗಿ ಈ ಗೋದಿಯ ಮುಖ್ಯ ಮೇಸ್ತ್ರಿಗಳಾದರು. ನಮ್ಮ ಪಶ್ಚಿಮ ಕರಾವಳಿಯ ಕಾಡುಗಳ ತೇಗದ ಮರ ಇಲ್ಲಿಗೆ ಬಂದು ಹಡಗಾಗಿ ಲೋಕವನ್ನು ಸುತ್ತಿತು. 1817ರಲ್ಲಿ ಇಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ತೇಗದ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬಲ್ಲಿ ಇಂದಿಗೂ ತೇಲುತ್ತ ನಿಂತಿದೆ ಎಂದರೆ ಆ ಕೆಲಸದ ಗಟ್ಟಿತನವನ್ನು ವಾಚಕರೇ ಊಹಿಸಬಹುದು.

ಅರ್ದೇಶೀರರು ಹುಟ್ಟಿದ್ದು 1808ರ ಅಕ್ಟೋಬರ್ 6ರಂದು. ಮನೆತನದ ವಾಡಿಕೆಯಂತೆ 1822ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಗೋದಿಯ ಕೆಲಸಕ್ಕೆ ಸೇರಿದರು. ಹಿರಿಯರ ಮನಸ್ಸು ಮರದಲ್ಲಿದ್ದರೆ ಈ ಹುಡುಗನ ಮನಸ್ಸು ಕಬ್ಬಿಣದ ಕಡೆಗೆ ಹರಿಯಿತು. ಅದು ಉಗಿಯ ಯುಗವು ಕಣ್ದೆರೆಯುತ್ತಿದ್ದ ಕಾಲ. 1830ರಲ್ಲಿ ಇದೇ ಗೋದಿಯಲ್ಲಿ ಕಟ್ಟಿದ ಹ್ಯೂ ಲಿಂಡ್ಸೇ ಎಂಬ ಉಗಿಹಡಗು ಮುಂಬಯಿಯಿಂದ ಸೂಯೆಜಿಗೆ ಹೋಯಿತು. ಗಾಳಿಯ ದಯೆಯನ್ನು ಕಾಯದೆ ನಡೆಯುವ ಹಡಗನ್ನು ಕಂಡು ಊರೇ ಬೆರಗಾಯಿತು. ಆದರೆ ಅದರ ಹೊಟ್ಟೆಯೊಳಗಿನ ಯಂತ್ರವನ್ನು ಬಿಚ್ಚಿ ಜೋಡಿಸಲು ಬಲ್ಲ ನಮ್ಮವರು ಎಷ್ಟು ಮಂದಿ? ಆ ವಿದ್ಯೆಯೆಲ್ಲವೂ ಬಿಳಿಯರ ಕೈಯಲ್ಲಿದ್ದಿತು.

ಅರ್ದೇಶೀರರು ಆ ವಿದ್ಯೆಯನ್ನು ಯಾರಿಂದಲೂ ಬೇಡಲಿಲ್ಲ. ತಮ್ಮ ಮನೆಯಲ್ಲಿಯೇ ಚಿಕ್ಕದೊಂದು ಎರಕದ ಕಾರ್ಖಾನೆಯನ್ನು ಹೂಡಿದರು. ಹಡಗುಗಳಿಗೆ ಬೇಕಾದ ಕಬ್ಬಿಣದ ತೊಟ್ಟಿಗಳನ್ನು ಅಲ್ಲಿ ಮಾಡಿಸಿದರು. ಉಗಿಯಂತ್ರದಿಂದ ನೀರೆತ್ತುವ ಪ್ರಯೋಗವನ್ನು ನಡೆಸಿದರು. 1833ರಲ್ಲಿ, ಇಪ್ಪತ್ತೈದನೆಯ ವಯಸ್ಸಿಗೆ, 60 ಟನ್ನಿನ ಇಂಡಸ್ ಎಂಬ ಹಡಗನ್ನು ಕಟ್ಟಿ, ಅದಕ್ಕೆ ತಾವೇ ಉಗಿಯಂತ್ರವನ್ನು ಅಳವಡಿಸಿ ನೀರಿಗಿಳಿಸಿದರು. ಮರುವರ್ಷ ಮಜಗಾಂವಿನ ತಮ್ಮ ಬಂಗಲೆಯಲ್ಲಿಯೂ ತೋಟದಲ್ಲಿಯೂ ಗ್ಯಾಸಿನ ದೀಪಗಳನ್ನು ಬೆಳಗಿಸಿದರು; ಅದನ್ನು ನೋಡಲು ಗವರ್ನರರೇ ಬಂದರು. ಮುಂಬಯಿಯ ಬೀದಿಗಳಿಗೆ ಗ್ಯಾಸಿನ ದೀಪ ಬಂದುದು 1865ರಲ್ಲಿ ಎಂಬುದನ್ನು ನೆನೆದರೆ ಈ ಮನುಷ್ಯನು ಕಾಲಕ್ಕಿಂತ ಎಷ್ಟು ಮುಂದಿದ್ದನೆಂಬುದು ಸ್ಪಷ್ಟವಾಗುವುದು.

ಮನೆಯಲ್ಲಿ ಯಂತ್ರವನ್ನು ಬಿಚ್ಚಿ ಕಟ್ಟುವುದೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆ ಕಾಲದಲ್ಲಿ ವಿಲಾಯಿತಿಯ ಯಂತ್ರಗಳು ಆಫ್ರಿಕಾದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಸಮುದ್ರದ ಮೇಲೆ ಬರುತ್ತಿದ್ದವು. ಉಪ್ಪುಗಾಳಿಯು ಕಬ್ಬಿಣದ ಶತ್ರು. ತುಕ್ಕಿನ ಗುಣವೇನೆಂದರೆ, ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಬೋಲ್ಟಿಗೂ ನಟ್ಟಿಗೂ ನಡುವೆ, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ತುಕ್ಕು ಸೇರಿದರೆ ಎರಡೂ ಒಂದನ್ನೊಂದು ಕಚ್ಚಿಕೊಂಡು ಒಂದೇ ತುಂಡಿನಂತಾಗಿಬಿಡುತ್ತವೆ. ಹಳೆಯ ಮೋಟಾರಿನ ಎಂಜಿನ್ನನ್ನು ಮನೆಯಂಗಳದಲ್ಲಿ ಬಿಚ್ಚಲು ಹೊರಟ ಇಂದಿನ ತರುಣನೂ ಮೊದಲು ಎದುರಿಸುವುದು ಈ ಕಷ್ಟವನ್ನೇ.

ಇಲ್ಲಿ ನನ್ನದೊಂದು ಅವಿವೇಕವನ್ನು ಒಪ್ಪಿಕೊಳ್ಳುತ್ತೇನೆ. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ನಮ್ಮ ದೋಸೆಹಿಟ್ಟಿನ ರುಬ್ಬುವ ಯಂತ್ರದ ಬೋಲ್ಟೊಂದು ತುಕ್ಕು ಹಿಡಿದು ಕೂತಿತು. ಬೆಳಗಿನ ಗಿರಾಕಿಗಳು ಬರುವ ಹೊತ್ತು. ನಾನು ಸಿಟ್ಟಿನಿಂದ ಸುತ್ತಿಗೆಯನ್ನೆತ್ತಿ ಬಾರಿಸಿದೆನು. ಬೋಲ್ಟಿನ ತಲೆ ಹಾರಿಹೋಯಿತು. ಬುಡ ಒಳಗೇ ಉಳಿಯಿತು. ಹತ್ತು ನಿಮಿಷದ ಕೆಲಸ ಮೂರು ದಿನಕ್ಕೆ ಏರಿತು. ಅನಂತರ ಬಂದ ವೃದ್ಧ ಮೇಸ್ತ್ರಿಯೊಬ್ಬರು ನನ್ನನ್ನು ಬೈಯದೆ, ಪಕ್ಕದ ಮತ್ತೊಂದು ಬೋಲ್ಟನ್ನು ಹೇಗೆ ಬಿಡಿಸಬೇಕೆಂಬುದನ್ನು ಮಾಡಿ ತೋರಿಸಿದರು.

ಅವರ ಕ್ರಮ ಸರಳವಾಗಿತ್ತು. ಮೊದಲು ತಂತಿಯ ಬ್ರಷ್ಷಿನಿಂದ ಹೊರಗಣ ತುಕ್ಕನ್ನು ಉಜ್ಜಬೇಕು. ಸಂದಿಗೆ ತೆಳುವಾದ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ಕಾಯಬೇಕು. ಬೇಕಾದರೆ ಮರುದಿನವೂ ಎಣ್ಣೆಯುಣಿಸಬೇಕು. ಸುತ್ತಲೂ ಮೆಲ್ಲನೆ ತಟ್ಟಿದರೆ ಎಣ್ಣೆಯು ಒಳಗಿಳಿಯುತ್ತದೆ. ಅಳತೆಗೆ ಸರಿಯಾದ ಪಾನಾವನ್ನು ಹಿಡಿದು ಒಂದೇ ಸಮನೆ ಬಿಚ್ಚುವ ಕಡೆಗೆ ಜಗ್ಗದೆ, ಕೂದಲೆಳೆಯಷ್ಟು ಬಿಗಿದು, ಅಷ್ಟೇ ಸಡಿಲಿಸಿ, ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ಅದಕ್ಕೂ ಬಗ್ಗದಿದ್ದರೆ ಹೊರಗಿನ ನಟ್ಟನ್ನು ಕಾಯಿಸಬೇಕು. ಕಾದ ಕಬ್ಬಿಣ ಹಿಗ್ಗುವುದರಿಂದ ಹಿಡಿತ ಸಡಿಲವಾಗುವುದು. ಆದರೆ ಎಣ್ಣೆಯ ಪಸೆಯನ್ನು ಒರೆಸದೆ, ಪೆಟ್ರೋಲು ಇರುವ ಕಡೆ, ಬೆಂಕಿಯನ್ನು ತರಲೇಬಾರದು. ಸಿಲಿಂಡರಿನಲ್ಲಿ ಕೂತುಬಿಟ್ಟ ಪಿಸ್ಟನ್ನಾದರೆ ಮೇಲಿನಿಂದ ಎಣ್ಣೆಯನ್ನು ಹೊಯ್ದು ಹಲವು ದಿನ ನೆನೆಯಗೊಡಬೇಕು. ಬಳಿಕ ಮರದ ತುಂಡನ್ನು ಅಡ್ಡವಿಟ್ಟು ಹಗುರಾಗಿ ತಟ್ಟಬೇಕು. ಕಬ್ಬಿಣದ ಮೇಲೆ ಕಬ್ಬಿಣದಿಂದ ಹೊಡೆಯಲಾಗದು. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಗುರುತು ಕಟ್ಟಿಡಬೇಕು. ಇದೆಲ್ಲಕ್ಕೂ ಬೇಕಾದುದು ತೋಳಿನ ಬಲವಲ್ಲ, ತಾಳ್ಮೆ.

ಅರ್ದೇಶೀರರ ಮುಂದಿನ ಜೀವನವನ್ನು ನೋಡಿದರೆ, ಕಬ್ಬಿಣದ ತುಕ್ಕಿಗಿಂತಲೂ ಗಟ್ಟಿಯಾದ ತುಕ್ಕೊಂದನ್ನು ಬಿಡಿಸುವ ಕೆಲಸ ಅವರ ಪಾಲಿಗೆ ಬಂದಿತೆನ್ನಬೇಕು.

1839ರಲ್ಲಿ ಅವರು ಉಗಿಯಂತ್ರಗಳ ಹೆಚ್ಚಿನ ಅಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯ ಕಾರ್ಖಾನೆಗಳನ್ನು ಸುತ್ತಿ ನೋಡಿದರು, ತಜ್ಞರ ಸಂಗದಲ್ಲಿ ಕಲಿತರು. ಆ ಪ್ರವಾಸದ ದಿನಚರಿಯನ್ನು 1840ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. 1841ರ ಮೇ 27ರಂದು ರಾಯಲ್ ಸೊಸೈಟಿಯವರು ಅವರನ್ನು ಸದಸ್ಯರನ್ನಾಗಿ ಚುನಾಯಿಸಿದರು. ಈ ಗೌರವವನ್ನು ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು. ಸಂಸ್ಥೆಯವರು ಎಣಿಸಿದ ಯೋಗ್ಯತೆಗಳಲ್ಲಿ 60 ಟನ್ನಿನ ಆ ಹಡಗೂ ಮುಂಬಯಿಯ ಆ ಗ್ಯಾಸಿನ ದೀಪಗಳೂ ಸೇರಿದ್ದವು. ಮನೆಯಲ್ಲಿ ಮಾಡಿದ ಕೆಲಸವೇ ಅವರಿಗೆ ಪದವಿಯಾಯಿತು. ಈ ಗೌರವ ಎರಡನೆಯ ಭಾರತೀಯನಿಗೆ, ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರಿಗೆ, ದೊರೆತದ್ದು 1918ರಲ್ಲಿ; ನಡುವೆ 77 ವರ್ಷಗಳು ಉರುಳಿದ್ದವು.

ಅದೇ 1841ರಲ್ಲಿ ಕಂಪೆನಿಯವರು ಅರ್ದೇಶೀರರನ್ನು ಮುಂಬಯಿಯ ತಮ್ಮ ಉಗಿಯಂತ್ರದ ಕಾರ್ಖಾನೆಗೆ ಮುಖ್ಯ ಎಂಜಿನಿಯರರನ್ನಾಗಿ ನೇಮಿಸಿದರು. ಇಲ್ಲಿ ಅಡಚಣೆ ಹುಟ್ಟಿತು. ಬಿಳಿಯ ಕೆಲಸಗಾರರು ಭಾರತೀಯನೊಬ್ಬನ ಅಪ್ಪಣೆಯಂತೆ ನಡೆಯಬೇಕಾಗಿ ಬಂದುದು ಅಪೂರ್ವವಾದ ಮಾತು. ಊರಿನ ಆಂಗ್ಲ ಪತ್ರಿಕೆಯೂ ಈ ನೇಮಕವನ್ನು ಮೆಚ್ಚದೆ ಆಕ್ಷೇಪಿಸಿತು. ಆತನಿಗೆ ವಿದ್ಯೆ ಸಾಲದೆಂದು ಹೇಳಲು ಯಾರಿಗೂ ಆಧಾರವಿರಲಿಲ್ಲ; ಮೈಬಣ್ಣವೇ ದೋಷವಾಯಿತು. ಇಂತಹ ಹೊತ್ತಿನಲ್ಲಿ ಸುತ್ತಿಗೆಯೆತ್ತುವುದು ಸುಲಭ. ರಾಜೀನಾಮೆಯಿತ್ತು ಹೊರಬೀಳುವುದು ಇನ್ನೂ ಸುಲಭ. ಅರ್ದೇಶೀರರು ಎರಡನ್ನೂ ಮಾಡಲಿಲ್ಲ. ಹದಿನಾರು ವರ್ಷ ಆ ಕಾರ್ಖಾನೆಯ ಹೊಣೆಯನ್ನು ಹೊತ್ತರು. 1849ರಲ್ಲಿ ಅಮೆರಿಕಕ್ಕೂ ಹೋಗಿ, ಮರಗೆಲಸದ ಯಂತ್ರಗಳನ್ನು ಗೋದಿಗೆ ತಂದರು. 1851ರಲ್ಲಿ ಲೌಜಿ ಫ್ಯಾಮಿಲಿ ಎಂಬ ಉಗಿಹಡಗನ್ನು ನೀರಿಗಿಳಿಸಿ ಮೂಲಪುರುಷನ ಹೆಸರನ್ನು ಸಮುದ್ರದ ಮೇಲೆ ತೇಲಿಸಿದರು. ಹೊಲಿಗೆಯ ಯಂತ್ರ, ಛಾಯಾಚಿತ್ರಣ, ವಿದ್ಯುತ್ತಿನಿಂದ ಲೋಹಲೇಪ ಮಾಡುವ ಕಲೆ ಮೊದಲಾದವನ್ನು ಈ ನಗರಕ್ಕೆ ಪರಿಚಯಿಸಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆ.

1857ರಲ್ಲಿ ಅವರು ನಿವೃತ್ತರಾದರು. 1861ರಿಂದ ಎರಡು ವರ್ಷ ಸಿಂಧ್ ಪ್ರಾಂತದ ಕೋಟ್ರಿಯಲ್ಲಿ ಸಿಂಧೂ ನದಿಯ ಹಡಗುಪಡೆಯ ಎಂಜಿನಿಯರರಾಗಿ ದುಡಿದರು. ಕಡೆಗೆ ಇಂಗ್ಲೆಂಡಿನಲ್ಲಿ ನೆಲೆಸಿ, 1877ರ ನವೆಂಬರ್ 16ರಂದು ಲಂಡನಿನ ಬಳಿಯ ರಿಚ್ಮಂಡಿನಲ್ಲಿ ಕಾಲವಾದರು. ಹುಟ್ಟಿದ ಊರಿನ ಗೋದಿಯ ಸದ್ದು ಕೇಳಿಸದಷ್ಟು ದೂರದಲ್ಲಿ ಆ ಜೀವ ಅಡಗಿತು. 1969ರಲ್ಲಿ ಸ್ವತಂತ್ರ ಭಾರತದ ಸರಕಾರ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಅರ್ದೇಶೀರರು ಆ ತುಕ್ಕನ್ನು ಪೂರ್ತಿಯಾಗಿ ಬಿಡಿಸಿದರೆಂದು ಹೇಳಲಾರೆನು. ಅವರ ಅನಂತರವೂ ಬಹುಕಾಲ ಮೇಲಿನ ಕುರ್ಚಿಗಳು ಬಿಳಿಯರಿಗೇ ಮೀಸಲಾಗಿದ್ದವು. ಆದರೆ ಮೊದಲ ಬಾರಿಗೆ ಕೂದಲೆಳೆಯಷ್ಟು ಅಲುಗಾಡಿಸಿದವರು ಅವರು. ಒಮ್ಮೆ ಅಲುಗಿದ ಬೋಲ್ಟು ಮೊದಲಿನಂತೆ ಕೂರುವುದಿಲ್ಲವೆಂಬುದನ್ನು ಪ್ರತಿಯೊಬ್ಬ ಮೇಸ್ತ್ರಿಯೂ ಬಲ್ಲನು.

ಹಗಲೆಲ್ಲ ಬಸಿ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ನಮ್ಮ ಹಿರಿಯರು ಈ ಫೋರ್ಟಿನಲ್ಲಿಯೇ ಬಾಳಿದರು. ಆಫೀಸಿನಲ್ಲಿ ಮುಂದಿನ ದರ್ಜೆಗೆ ಕಾದು ಕುಳಿತ ಗುಮಾಸ್ತನಿಗೂ, ಭಟ್ಟಿಯ ಮುಂದೆ ಬೆವರುವ ತರುಣನಿಗೂ ಇಂದು ಬಾಗಿಲು ತೆರೆಯಲೊಲ್ಲದೆಂದು ತೋರಬಹುದು. ಅಂಥವರು ಲಯನ್ ಗೇಟಿನ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತು, ಹದಿನಾಲ್ಕು ವರ್ಷದ ಹುಡುಗನೊಬ್ಬ 1822ರಲ್ಲಿ ಆ ಗೋದಿಯ ಕೆಲಸಕ್ಕೆ ಸೇರಿದುದನ್ನು ನೆನೆಯಲಿ. ಬಳಿಕ ತಮ್ಮ ಕೆಲಸಕ್ಕೆ ಹೋಗಲಿ. ಆದರೆ ಸಂದಿಗೆ ಎಣ್ಣೆ ಬಿಡುವುದನ್ನು ಮಾತ್ರ ಮರೆಯದಿರಲಿ.