ಪರೀಕ್ಷೆಯಲ್ಲಿ ಎಡವಿದವರು ಶಿಕ್ಷಣದ ಪಾಲಕರಾದರು: ಸಂತ ಜಾನ್ ಹೆನ್ರಿ ನ್ಯೂಮನ್

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗನೋ ಮಗಳೋ ಬಿ.ಎ. ಓದಿದರೆ ಮುಂದೆ ಯಾವ ಕೆಲಸ ಸಿಕ್ಕೀತು? ಈ ಪ್ರಶ್ನೆ ಹೊಸದಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲೂ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರಗಳ ಓದು ಹೊಟ್ಟೆ ತುಂಬಿಸದು ಎಂದು ವಾದಿಸಿದವರಿದ್ದರು. ಅವರಿಗೆ ಉತ್ತರ ಕೊಟ್ಟವರಲ್ಲಿ ಪ್ರಮುಖರು ಕಾರ್ಡಿನಲ್ ನ್ಯೂಮನ್.

1801ರ ಫೆಬ್ರವರಿ 21ರಂದು ಲಂಡನ್ನಿನಲ್ಲಿ ಜನಿಸಿದ ನ್ಯೂಮನ್‌ರ ತಂದೆ ಬ್ಯಾಂಕ್ ನಡೆಸುತ್ತಿದ್ದರು. 1816ರಲ್ಲಿ ಆ ಬ್ಯಾಂಕ್ ಮುಚ್ಚಿತು. ಮಗ ವಕೀಲನಾಗಲಿ ಎಂಬುದು ತಂದೆಯ ಆಸೆ. ಮನೆಯವರ ನಿರೀಕ್ಷೆಯ ಭಾರ ಹೊತ್ತು ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಹಗಲಿರುಳು ಓದಿದ ಯುವಕ, 1820ರ ಅಂತಿಮ ಪರೀಕ್ಷೆಯಲ್ಲಿ ದಣಿದು ಕುಸಿದರು. ಪ್ರಥಮ ದರ್ಜೆ ನಿರೀಕ್ಷಿಸಿದ್ದವರಿಗೆ ಗೌರವ ಪಟ್ಟಿಯ ತೀರ ಕೆಳಗಿನ ಸ್ಥಾನ ಸಿಕ್ಕಿತು.

ಆದರೂ ಅವರು ಎದೆಗುಂದಲಿಲ್ಲ. ಎರಡು ವರ್ಷಗಳ ನಂತರ ಓರಿಯಲ್ ಕಾಲೇಜಿನ ಫೆಲೋ ಸ್ಥಾನಕ್ಕೆ ಸ್ಪರ್ಧಿಸಿದರು. ಅಭ್ಯರ್ಥಿ ಎಷ್ಟು ಓದಿದ್ದಾನೆ ಎನ್ನುವುದಕ್ಕಿಂತ ಹೇಗೆ ಯೋಚಿಸುತ್ತಾನೆ ಎಂಬುದನ್ನು ಅಲ್ಲಿ ನೋಡುತ್ತಿದ್ದರು. 1822ರಲ್ಲಿ ನ್ಯೂಮನ್ ಆಯ್ಕೆಯಾದರು. ಶಿಕ್ಷಣವೆಂದರೆ ಮನಸ್ಸನ್ನು ಪಳಗಿಸುವುದು ಎಂಬ ಅವರ ನಂಬಿಕೆಗೆ ಈ ಅನುಭವವೂ ಬೇರಾಗಿರಬೇಕು ಎಂದು ನಮಗೆ ಅನಿಸುತ್ತದೆ.

ಆಂಗ್ಲಿಕನ್ ಗುರುಗಳಾಗಿ ಹೆಸರು ಮಾಡಿದ ಅವರು 1845ರಲ್ಲಿ ಕಥೊಲಿಕ ಧರ್ಮಸಭೆಯನ್ನು ಸೇರಿದರು. 1847ರಲ್ಲಿ ರೋಮ್‌ನಲ್ಲಿ ಗುರುದೀಕ್ಷೆ ಪಡೆದರು. ಐರ್ಲೆಂಡಿನ ಬಿಷಪರು ಕಥೊಲಿಕ ವಿಶ್ವವಿದ್ಯಾಲಯ ಸ್ಥಾಪಿಸಲು ಅವರನ್ನು ಕರೆದರು. 1852ರಲ್ಲಿ ಡಬ್ಲಿನ್‌ನಲ್ಲಿ ಅವರು ನೀಡಿದ ಉಪನ್ಯಾಸಗಳ ತಿರುಳು ಇಷ್ಟು. ಆರೋಗ್ಯವಂತ ದೇಹ ಯಾವ ದುಡಿಮೆಗೂ ಒಗ್ಗುವಂತೆ, ತರಬೇತಾದ ಬುದ್ಧಿ ವಕೀಲಿ, ವೈದ್ಯ, ವ್ಯಾಪಾರ, ರಾಜಕೀಯ, ಯಾವುದಕ್ಕೂ ಒಗ್ಗುತ್ತದೆ. ಆದರೆ ವಿದ್ಯೆಯೊಂದೇ ಮನುಷ್ಯನನ್ನು ಸಂತನನ್ನಾಗಿಸದು ಎಂದೂ ಅವರು ಎಚ್ಚರಿಸಿದರು.

1854ರಲ್ಲಿ ಸುಮಾರು 20 ವಿದ್ಯಾರ್ಥಿಗಳೊಂದಿಗೆ ವಿಶ್ವವಿದ್ಯಾಲಯ ಆರಂಭವಾಯಿತು. ಸರಕಾರದ ಮಾನ್ಯತೆ ಸಿಗಲಿಲ್ಲ. ಮಾನ್ಯತೆಯಿಲ್ಲದ ಪದವಿಗೆ ಮಕ್ಕಳನ್ನು ಕಳುಹಿಸುವವರು ಎಷ್ಟು ಮಂದಿ? ಕಲಾ ವಿಭಾಗ ಸೊರಗಿತು. ನ್ಯೂಮನ್ 1855ರಲ್ಲಿ ತೆರೆದ ವೈದ್ಯಕೀಯ ಶಾಲೆ ಮಾತ್ರ ಚೆನ್ನಾಗಿ ಬೆಳೆಯಿತು. ವೃತ್ತಿಶಿಕ್ಷಣದ ವಿರೋಧಿ ಅವರಾಗಿರಲಿಲ್ಲ ಎನ್ನಲು ಇದೇ ಸಾಕ್ಷಿ. 1858ರಲ್ಲಿ ಬಹುಮಟ್ಟಿಗೆ ಸೋತ ಭಾವನೆಯಿಂದಲೇ ಅವರು ಕುಲಪತಿ ಹುದ್ದೆ ಬಿಟ್ಟು ಬರ್ಮಿಂಗ್‌ಹ್ಯಾಮಿಗೆ ಮರಳಿದರು. ಮರುವರ್ಷ ಅಲ್ಲಿ ಬಾಲಕರ ಶಾಲೆ ತೆರೆದರು.

ಬಿತ್ತಿದ ಬೀಜ ಸಾಯಲಿಲ್ಲ. ಡಬ್ಲಿನ್‌ನ ಆ ಸಂಸ್ಥೆ ಮುಂದೆ ಯೂನಿವರ್ಸಿಟಿ ಕಾಲೇಜ್ ಆಯಿತು. ಅಲ್ಲಿ ಓದಿ 1902ರಲ್ಲಿ ಬಿ.ಎ. ಮುಗಿಸಿದ ಜೇಮ್ಸ್ ಜಾಯ್ಸ್ ಇಂಗ್ಲಿಷ್ ಕಲಿಸಿದರು, ರೋಮ್‌ನಲ್ಲಿ ಬ್ಯಾಂಕ್ ಗುಮಾಸ್ತರಾದರು, 1909ರಲ್ಲಿ ಡಬ್ಲಿನ್‌ನಲ್ಲಿ ಸಿನಿಮಾ ಮಂದಿರ ತೆರೆದರು, ಕೊನೆಗೆ ವಿಶ್ವಪ್ರಸಿದ್ಧ ಕಾದಂಬರಿಕಾರರೆನಿಸಿದರು. ಅದೇ ಕಾಲದ ವಿದ್ಯಾರ್ಥಿ ಟಾಮ್ ಕೆಟಲ್ ವಕೀಲರೂ ಸಂಸತ್ ಸದಸ್ಯರೂ ಅರ್ಥಶಾಸ್ತ್ರದ ಪ್ರಾಧ್ಯಾಪಕರೂ ಆಗಿ, 1916ರಲ್ಲಿ ಯುದ್ಧಭೂಮಿಯಲ್ಲಿ ಮಡಿದರು. ಬರ್ಮಿಂಗ್‌ಹ್ಯಾಮ್ ಶಾಲೆಯ ಹಿಲೇರ್ ಬೆಲಾಕ್ ಲೇಖಕರೂ ಸಂಸತ್ ಸದಸ್ಯರೂ ಆದರು.

ಪರೀಕ್ಷೆಯಲ್ಲಿ ಕೈಕೊಟ್ಟ ಟ್ರಿನಿಟಿ ಕಾಲೇಜು 1877ರಲ್ಲಿ ನ್ಯೂಮನ್‌ರನ್ನು ತನ್ನ ಮೊದಲ ಗೌರವ ಫೆಲೋ ಆಗಿ ಆರಿಸಿತು. 1879ರಲ್ಲಿ ಅವರು ಕಾರ್ಡಿನಲ್ ಆದರು. 1890ರ ಆಗಸ್ಟ್ 11ರಂದು ದೈವಾಧೀನರಾದರು. 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ನೆರೆಯ ಕೇರಳದ ಮರಿಯಂ ತ್ರೇಸಿಯಾ ಅವರಿಗೂ ಅದೇ ದಿನ ಸಂತ ಪದವಿ ದೊರೆಯಿತು. 2025ರ ನವೆಂಬರ್ 1ರಂದು ಪೋಪ್ ಲಿಯೋ 14 ಅವರು ನ್ಯೂಮನ್‌ರನ್ನು ಧರ್ಮಸಭೆಯ ಪಂಡಿತರೆಂದು ಸಾರಿದರು. ಸಂತ ಥಾಮಸ್ ಅಕ್ವಿನಾಸರ ಜೊತೆ ಅವರೀಗ ಕಥೊಲಿಕ ಶಿಕ್ಷಣದ ಸಹಪಾಲಕರು.

ಮುಂದಿನ ಫಲಿತಾಂಶದ ದಿನ ಅಂಕಪಟ್ಟಿ ಕೈಯಲ್ಲಿ ಹಿಡಿದು ಮಂಕಾಗಿ ಕುಳಿತ ಮಗು ನಮ್ಮ ವಾಳೆಯಲ್ಲೂ ಇದ್ದೀತು. ಆ ಮಗುವಿಗೆ ನ್ಯೂಮನ್‌ರ ಕಥೆ ಹೇಳೋಣ. ಯಾವ ಕೆಲಸ ಸಿಕ್ಕೀತು ಎಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ ಏನು ಓದಲು ಮನಸ್ಸಿದೆ ಎಂದೂ ಕೇಳೋಣ.