ಥಾಮಸ್ ಸಿಡೆನ್‌ಹ್ಯಾಮ್

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಬೋಧನಾಭ್ಯಾಸ ಮಾಡುವಾಗ ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ನಾನು ಪ್ಯಾಶ್ಚರ್ ಬದಲು ಈ ವೈದ್ಯರ ಜೀವನವನ್ನು ಆರಿಸಿಕೊಂಡೆ.

ಅವರು ಹುಟ್ಟಿದ್ದು 1624ರಲ್ಲಿ, ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಅಂತರ್ಯುದ್ಧ ಬಂತು. ಓದು ಬಿಟ್ಟು ಪಾರ್ಲಿಮೆಂಟಿನ ಸೈನ್ಯ ಸೇರಿದರು. ಮುಂದೆ ಲಂಡನ್ನಿನಲ್ಲಿ ವೈದ್ಯರಾಗಿ, ಗ್ರಂಥಗಳಿಗಿಂತ ರೋಗಿಯ ಪಕ್ಕ ಕೂತು ನೋಡಿದ್ದನ್ನೇ ನಂಬಿದರು.

1686ರಲ್ಲಿ ಮಕ್ಕಳ ಒಂದು ಕಾಯಿಲೆಯನ್ನು ವಿವರಿಸಿದರು. ಹತ್ತು ವರ್ಷದಿಂದ ಹರೆಯದವರೆಗಿನ ಮಕ್ಕಳಲ್ಲಿ ಮೊದಲು ಒಂದು ಕಾಲು ಎಳೆಯುತ್ತದೆ. ಕೈ ಇಟ್ಟಲ್ಲಿ ನಿಲ್ಲುವುದಿಲ್ಲ. ನೀರಿನ ಲೋಟ ಅತ್ತಿತ್ತ ಅಲೆದು ತುಟಿಗೆ ತಾಗಿದೊಡನೆ ಮಗು ಗಟಗಟನೆ ಕುಡಿದುಬಿಡುತ್ತದೆ. ಬೇಕೆಂದೇ ನಗಿಸುತ್ತಿದೆ ಎನ್ನುವ ಹಾಗೆ. ತರಗತಿಯಲ್ಲಾದರೆ ಕುಚೇಷ್ಟೆ ಎಂದು ನಾವು ಗದರುತ್ತೇವೆ. ಅವರ ಚಿಕಿತ್ಸೆಯೇನೋ ರಕ್ತ ತೆಗೆಯುವುದು, ಭೇದಿ ಮಾಡಿಸುವುದು. ಅದನ್ನು ಮಕ್ಕಳಿಂದ ಮುಚ್ಚಿಡಲಿಲ್ಲ.

1689ರಲ್ಲಿ ಅವರು ತೀರಿಕೊಂಡರು. ಕಾರಣ ತಿಳಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದಾಗ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕೆಲವೇ ಮಕ್ಕಳಲ್ಲಿ ಅವು ದಾರಿ ತಪ್ಪಿ ಮಿದುಳಿಗೂ ಹೃದಯದ ಕವಾಟಗಳಿಗೂ ತಗಲುತ್ತವೆ. ಹುಡುಗಿಯರಲ್ಲಿ ಹೆಚ್ಚು. ಗಂಟಲು ವಾಸಿಯಾಗಿ ತಿಂಗಳುಗಳಾದ ಮೇಲೆ ಕಾಣಿಸುವುದರಿಂದ ಮನೆಯವರಿಗೆ ನಂಟು ಹೊಳೆಯುವುದಿಲ್ಲ. ಅಕ್ಷರ ದಿಢೀರನೆ ಕೆಡುತ್ತದೆ, ಕೈಲಿದ್ದ ಪೆನ್ನು ಬೀಳುತ್ತದೆ, ಮಗು ಸುಮ್ಮಸುಮ್ಮನೆ ಅಳುತ್ತದೆ. ಕೈಯ ಚಲನೆ ಸಾಮಾನ್ಯವಾಗಿ ತಾನಾಗಿ ತಗ್ಗುತ್ತದೆ. ಆದರೆ ಹೃದಯದ ತಪಾಸಣೆ ಆಗಲೇಬೇಕು. ಕಾಯಿಲೆ ಮರುಕಳಿಸದಂತೆ ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ನಡೆಯುತ್ತದೆ. ಆ ದಿನಗಳ ಗೈರುಹಾಜರಿಗೆ ಕಾರಣ ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ.